ಗಣಿತಸಾರಸಂಗ್ರಹದ ಕರ್ತೃ ಮಹಾವೀರಾಚಾರ್ಯ

ಭಾರತೀಯ ಗಣಿತದ ಚರಿತ್ರೆಯಲ್ಲಿ ಬ್ರಹ್ಮಗುಪ್ತನಿಗೂ ಎರಡನೆಯ ಭಾಸ್ಕರನಿಗೂ ನಡುವಣ ಐದು ಶತಮಾನಗಳಲ್ಲಿ ಎದ್ದು ಕಾಣುವ ಹೆಸರುಗಳಲ್ಲೊಂದು ಜೈನ ಗಣಿತಜ್ಞ ಮಹಾವೀರಾಚಾರ್ಯನದು. ಸುಮಾರು ಕ್ರಿ.ಶ. 850ರಲ್ಲಿ ಆತ ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ವು ಒಂಬತ್ತು ಅಧ್ಯಾಯಗಳ, 1,100ಕ್ಕೂ ಹೆಚ್ಚು ಪದ್ಯಗಳ ಕೃತಿ. ತನ್ನ ಹುಟ್ಟೂರು, ತಂದೆತಾಯಿಗಳ ವಿಷಯವಾಗಿ ಆತ ಅದರಲ್ಲಿ ಏನನ್ನೂ ಹೇಳಿಲ್ಲ. ಕಾಲನಿರ್ಣಯಕ್ಕೆ ಆಧಾರ ಆರಂಭದ ಸ್ತುತಿಪದ್ಯಗಳು. ಅಲ್ಲಿ ಪ್ರಶಂಸೆಗೆ ಪಾತ್ರನಾದ ಅಮೋಘವರ್ಷ ನೃಪತುಂಗನು ಮಾನ್ಯಖೇಟದಿಂದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, 814ರಿಂದ 878ರವರೆಗೆ ಆಳಿದ ರಾಷ್ಟ್ರಕೂಟ ದೊರೆ. ಕನ್ನಡದಲ್ಲಿ ದೊರೆತಿರುವ ಮೊದಲ ಕೃತಿ 'ಕವಿರಾಜಮಾರ್ಗ'ವೂ ಇದೇ ಆಸ್ಥಾನದ್ದು.

ಆರ್ಯಭಟ, ಬ್ರಹ್ಮಗುಪ್ತರ ಗ್ರಂಥಗಳಲ್ಲಿ ಗಣಿತವು ಖಗೋಳಶಾಸ್ತ್ರದ ಒಂದೆರಡು ಅಧ್ಯಾಯಗಳಾಗಿ ಬರುತ್ತದೆ. ಮಹಾವೀರನ ಗ್ರಂಥವಾದರೋ ಆದ್ಯಂತ ಗಣಿತವೇ. ಸಂಗೀತ, ನಾಟಕ, ವೈದ್ಯ, ವಾಸ್ತು, ಛಂದಸ್ಸು, ವ್ಯಾಕರಣ, ಕೊನೆಗೆ ಅಡುಗೆಯವರೆಗೂ ಗಣಿತ ಬೇಕೆಂದು ಆತ ಪೀಠಿಕೆಯಲ್ಲೇ ಪಟ್ಟಿ ಮಾಡುತ್ತಾನೆ. ಸಂಖ್ಯಾಸ್ಥಾನಗಳನ್ನು ಏಕದಿಂದ ಮಹಾಕ್ಷೋಭದವರೆಗೆ 24 ಎಂದು ಹೆಸರಿಸುತ್ತಾನೆ.

ಆತನ ಕೊಡುಗೆಗಳಲ್ಲಿ ಮುಖ್ಯವಾದುದು ವಿಕಲ್ಪಗಳ, ಎಂದರೆ ಆಯ್ಕೆಗಳನ್ನು ಎಣಿಸುವ, ಸಾಮಾನ್ಯ ಸೂತ್ರ. ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದು? ವಸ್ತುಗಳ ಸಂಖ್ಯೆಯಿಂದ ಒಂದೊಂದೇ ಇಳಿಯುತ್ತ ಬರುವ ಅಂಕಿಗಳ ಗುಣಲಬ್ಧವನ್ನು ಒಂದರಿಂದ ಏರುವ ಅಷ್ಟೇ ಅಂಕಿಗಳ ಗುಣಲಬ್ಧದಿಂದ ಭಾಗಿಸಬೇಕು. ಆತನ ಉದಾಹರಣೆ ಷಡ್ರಸಗಳದು: ಆರು ರುಚಿಗಳನ್ನು ಒಂದು, ಎರಡು, ಮೂರು ಎಂದು ಬೆರೆಸುತ್ತ ಹೋದರೆ 6, 15, 20, 15, 6, 1, ಒಟ್ಟು 63 ಬಗೆಗಳು. ಇಂದು ಪಿ.ಯು. ತರಗತಿಯಲ್ಲಿ ಕಲಿಸುವ ಸೂತ್ರ ಇದೇ. ಯೂರೋಪಿನಲ್ಲಿ ಇದು ಫ್ರಾನ್ಸಿನ ಎರಿಗೋನನ ಹೆಸರಿನಲ್ಲಿ 1634ರಲ್ಲಿ ಪ್ರಕಟವಾಯಿತು. ನಮ್ಮ ಪಠ್ಯಪುಸ್ತಕಗಳು ಸೂತ್ರದ ಜೊತೆಗೆ ಮಹಾವೀರನ ಹೆಸರನ್ನೂ ಹೇಳಿದರೆ ತಪ್ಪಾಗದು.

ಭಿನ್ನರಾಶಿಗಳನ್ನು ಕೂಡಲು 'ನಿರುದ್ಧ'ವನ್ನು, ಎಂದರೆ ಛೇದಗಳ ಲ.ಸಾ.ಅ.ವನ್ನು, ಬಳಸುವ ಕ್ರಮವನ್ನು ಆತ ವಿಧಿಸಿದ್ದಾನೆ. ಒಂದನ್ನು 1/2 + 1/3 + 1/9 + 1/18 ಎಂಬಂತೆ ಅಂಶ ಒಂದೇ ಇರುವ ಭಿನ್ನಗಳಾಗಿ ಒಡೆಯುವ ನಿಯಮವೂ ಆತನದೇ.

ಗ್ರಂಥದ ಸ್ವಾರಸ್ಯ ಲೆಕ್ಕಗಳಲ್ಲಿದೆ. ಮೂವರು ವರ್ತಕರಿಗೆ ದಾರಿಯಲ್ಲಿ ಹಣದ ಗಂಟೊಂದು ಕಾಣುತ್ತದೆ. ಅದು ತನಗೆ ಸಿಕ್ಕರೆ ಉಳಿದಿಬ್ಬರ ಒಟ್ಟು ಹಣದ ಎರಡರಷ್ಟು ತನ್ನದಾಗುವುದೆಂದು ಮೊದಲನೆಯವನು, ಮೂರರಷ್ಟೆಂದು ಎರಡನೆಯವನು, ಐದರಷ್ಟೆಂದು ಮೂರನೆಯವನು ಹೇಳುತ್ತಾರೆ. ಗಂಟಿನಲ್ಲಿ 15, ಅವರ ಕೈಯಲ್ಲಿ ಕ್ರಮವಾಗಿ 1, 3, 5 ಇದ್ದರೆ ಲೆಕ್ಕ ಸರಿಹೋಗುತ್ತದೆ. ಕೊರಳಹಾರದಂತೆ ಕಾಣುವ ಗುಣಲಬ್ಧಗಳೂ ಆತನಿಗೆ ಪ್ರಿಯ: 139ನ್ನು 109ರಿಂದ ಗುಣಿಸಿದರೆ 15151, 152207ನ್ನು 73ರಿಂದ ಗುಣಿಸಿದರೆ 11111111, 27994681ನ್ನು 441ರಿಂದ ಗುಣಿಸಿದರೆ 12345654321.

ಎಲ್ಲವೂ ಸರಿಯೆಂದಲ್ಲ. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುವುದೆಂದು ಆತ ಬರೆದ. ಹಂಚಿಕೊಳ್ಳಲು ಯಾರೂ ಇಲ್ಲದಿದ್ದರೆ ಇದ್ದುದು ಹಾಗೆಯೇ ಉಳಿಯುತ್ತದೆ ಎಂಬ ಸಮರ್ಥನೆಯುಂಟಾದರೂ ಗಣಿತದ ದೃಷ್ಟಿಯಿಂದ ಅದು ದೋಷವೇ. ಇದಕ್ಕೆ ಎರಡು ಶತಮಾನ ಮೊದಲೇ ಬ್ರಹ್ಮಗುಪ್ತನು ಅಂತಹ ರಾಶಿಯನ್ನು ಸೊನ್ನೆಯೇ ಛೇದವಾಗಿರುವ ಭಿನ್ನವಾಗಿ ಬಿಟ್ಟಿದ್ದ. ಮುಂದೆ ಭಾಸ್ಕರನು ಅದನ್ನು 'ಖಹರ'ವೆಂದು ಕರೆದು ಅನಂತಕ್ಕೆ ಹೋಲಿಸಿದ. ಆದರೆ ಋಣಸಂಖ್ಯೆಯು ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಮಹಾವೀರನು ಸ್ಪಷ್ಟವಾಗಿ ಹೇಳಿದ್ದಾನೆ. ಆ ಪ್ರಶ್ನೆ ಇಟಲಿಯ ಗಣಿತಜ್ಞರನ್ನು ಕಾಡಿದ್ದು 16ನೇ ಶತಮಾನದಲ್ಲಿ.

'ಆಯತವೃತ್ತ'ದ, ಎಂದರೆ ದೀರ್ಘವೃತ್ತದ, ಪ್ರಯತ್ನ ಇನ್ನೂ ಕುತೂಹಲಕರ. ಉದ್ದನೆಯ ವ್ಯಾಸದ ಇಮ್ಮಡಿಯ ವರ್ಗಕ್ಕೆ ಗಿಡ್ಡ ವ್ಯಾಸದ ವರ್ಗದ ಆರರಷ್ಟನ್ನು ಕೂಡಿ ವರ್ಗಮೂಲ ತೆಗೆದರೆ ಸುತ್ತಳತೆ. ವ್ಯಾಸಗಳು 6 ಮತ್ತು 2 ಆದರೆ ಸುಮಾರು 12.96 ಬರುತ್ತದೆ, ನಿಜವಾದ ಬೆಲೆ 13.36. ಇಷ್ಟು ಸಮೀಪಕ್ಕೆ ಬಂದವನು ಕ್ಷೇತ್ರಫಲದಲ್ಲಿ ಎಡವಿದ: ಆತನ ನಿಯಮದಂತೆ 6.48, ಸರಿಯಾದ ಬೆಲೆ 9.42.

ಗ್ರಂಥವು ದಕ್ಷಿಣದಲ್ಲಿ ಬಹುಕಾಲ ಬಳಕೆಯಲ್ಲಿತ್ತು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದ. ಕನ್ನಡದಲ್ಲಿ ಗಣಿತಗ್ರಂಥಗಳು ಹುಟ್ಟಿದ್ದು ಮುಂದಿನ ಶತಮಾನದಲ್ಲಿ, ರಾಜಾದಿತ್ಯನ 'ವ್ಯವಹಾರಗಣಿತ' ಮೊದಲಾದ ಕೃತಿಗಳಿಂದ. ಮಹಾವೀರನ ಮೂಲವು ಎಂ. ರಂಗಾಚಾರ್ಯರ ಸಂಪಾದನೆ ಮತ್ತು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚಾದದ್ದು 1912ರಲ್ಲಿ. ಕನ್ನಡ ನೆಲದ ಅರಸನ ಹೆಸರನ್ನು ಹೊತ್ತ ಈ ಕೃತಿ ಪದ್ಮಾವತಮ್ಮನವರ ಕನ್ನಡ ಅನುವಾದ, ಟಿಪ್ಪಣಿಗಳೊಡನೆ ಹೊಂಬುಜ ಜೈನ ಮಠದಿಂದ ಹೊರಬಂದದ್ದು 2000ದಲ್ಲಿ.