ಕೊಡೈಕೆನಾಲಿನಲ್ಲಿ ಒಂದು ದಿನ: ಮಂಜು ಏರುವ ಮುನ್ನ ಹೊರಡಿ

ಬೇಸಿಗೆ ರಜೆ ಸಮೀಪಿಸಿದಂತೆ ಚೆನ್ನೈಯ ಕನ್ನಡ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ಊಟಿಯೋ, ಕೊಡೈಕೆನಾಲೋ? ಊಟಿಯಾದರೆ ಮೈಸೂರಿನ ನೆಂಟರನ್ನು ಕಂಡು ಹಾಗೆಯೇ ಮುಂದುವರಿಯಬಹುದು. ಆದ್ದರಿಂದ ಅದರ ಪರಿಚಯ ನಮ್ಮವರಿಗೆ ಸಾಕಷ್ಟಿದೆ. ಕೊಡೈಕೆನಾಲಿನ ವಿಷಯ ಹಾಗಲ್ಲ. ಅಲ್ಲಿಗೆ ಹೋಗಿ ಬಂದವರಲ್ಲಿ ಕೆಲವರು ಮತ್ತೆ ಯಾವಾಗ ಹೋಗುವುದೆಂದು ಕಾಯುತ್ತಾರೆ, ಇನ್ನು ಕೆಲವರು "ಏನೂ ಕಾಣಲಿಲ್ಲ, ಬರೀ ಮಂಜು, ಬರೀ ವಾಹನ" ಎಂದು ಬೇಸರಪಡುತ್ತಾರೆ. ನಾವು ಈ ಎರಡು ಬಗೆಯವರ ಸಾಲಿನಲ್ಲೂ ನಿಂತವರು. ಒಂದೇ ದಿನದ ಬಿಡುವಿನಲ್ಲಿ ಅಲ್ಲಿ ಏನನ್ನು, ಯಾವ ಹೊತ್ತಿನಲ್ಲಿ ನೋಡಬಹುದೆಂಬುದನ್ನು ನಮ್ಮ ಓದುಗ ಕುಟುಂಬಗಳ ಉಪಯೋಗಕ್ಕಾಗಿ ಇಲ್ಲಿ ಬರೆದಿದ್ದೇವೆ.

ಮೊದಲಿಗೆ ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಮೇ ತಿಂಗಳ ಒಂದು ಶನಿವಾರ ನಾವು ಮೂರು ಮನೆಯವರು ಅಲ್ಲಿದ್ದೆವು. ನಿಧಾನವಾಗಿ ಸ್ನಾನ, ತಿಂಡಿ ಮುಗಿಸಿ ಹೊರಟಾಗ ಹತ್ತೂವರೆ. ವ್ಯಾನಿನ ಚಾಲಕನ ಕೈಯಲ್ಲಿ ಹನ್ನೆರಡು ಸ್ಥಳಗಳ ಪಟ್ಟಿಯಿತ್ತು. ಹನ್ನೆರಡಕ್ಕೂ ಹೋದೆವು, ಏಳೆಂಟು ಕಡೆ ಕಬ್ಬಿಣದ ಬೇಲಿಯ ಆಚೆ ಬಿಳಿಯ ಗೋಡೆಯಂತೆ ಮಂಜು ನಿಂತಿತ್ತು. ನಮ್ಮೊಡನೆ ಎಂಬತ್ತು ದಾಟಿದ ಹಿರಿಯರೊಬ್ಬರಿದ್ದರು. ಕೆರೆಯ ದಡದಲ್ಲಿ ಅರ್ಧ ಗಂಟೆ ಕೂತಿದ್ದರೆ ಸಾಕು, ಬೇರೇನೂ ಬೇಡ ಎಂದು ಬೆಳಿಗ್ಗೆಯೇ ಹೇಳಿದ್ದರು. ಪಟ್ಟಿ ಮುಗಿಸಿ ಕೆರೆಯ ಬಳಿ ಬಂದಾಗ ಕತ್ತಲಾಗಿತ್ತು, ವಾಹನ ನಿಲ್ಲಿಸಲು ಜಾಗವಿರಲಿಲ್ಲ. "ಇರಲಿ ಬಿಡಿ, ಮುಂದಿನ ಸಲ ನೋಡೋಣ" ಎಂದರು. ಮುಂದಿನ ಬೇಸಿಗೆಗೆ ಅವರು ಇರಲಿಲ್ಲ. ಆ ಬಳಿಕ ನಾವು ಪಟ್ಟಿಯನ್ನು ಅವರಂಥವರ ಬೇಡಿಕೆಯಿಂದಲೇ ಆರಂಭಿಸುತ್ತೇವೆ. ಮೂರು ಅಥವಾ ನಾಲ್ಕು ಸ್ಥಳಗಳಿಗಿಂತ ಹೆಚ್ಚನ್ನು ಸೇರಿಸುವುದಿಲ್ಲ.

ಹೊರಡುವ ಮೊದಲು

ಪಳನಿ ಬೆಟ್ಟಗಳ ಮೇಲೆ ಸುಮಾರು 7,000 ಅಡಿ ಎತ್ತರದಲ್ಲಿರುವ ಈ ಊರಿಗೆ ಚೆನ್ನೈಯಿಂದ ರಸ್ತೆಯಲ್ಲಿ 500 ಕಿಲೋಮೀಟರಿಗೂ ಹೆಚ್ಚು. ಎಳುಂಬೂರಿನಿಂದ ರಾತ್ರಿ ಹೊರಡುವ ಪಾಂಡಿಯನ್ ಎಕ್ಸ್‌ಪ್ರೆಸ್ ನಸುಕಿನಲ್ಲಿ ಕೊಡೈಕೆನಾಲ್ ರೋಡ್ ನಿಲ್ದಾಣಕ್ಕೆ ತಲುಪಿಸುತ್ತದೆ. ಹೆಸರನ್ನು ನಂಬಿ ಊರು ಬಂತೆಂದುಕೊಳ್ಳಬಾರದು. ಅಲ್ಲಿಂದ ಇನ್ನೂ 80 ಕಿಲೋಮೀಟರ್, ಸುಮಾರು ಮೂರು ಗಂಟೆಯ ಹಾದಿ. ಇಳಿದ ದಿನವನ್ನೇ ನೋಡುವ ದಿನವಾಗಿ ಎಣಿಸಿದರೆ ಬೆಳಗಿನ ತಿಳಿಯಾದ ಹೊತ್ತು ಘಟ್ಟದಲ್ಲೇ ಕಳೆದುಹೋಗುತ್ತದೆ. ಹಿಂದಿನ ದಿನವೇ ತಲುಪಿ, ರಾತ್ರಿ ತಂಗಿ, ಮರುದಿನವನ್ನು ಪೂರ್ತಿಯಾಗಿ ಇಟ್ಟುಕೊಳ್ಳುವುದು ಲೇಸು.

ಈ ದಾರಿಯಲ್ಲಿ ಸಿಗುವ ವತ್ತಲಗುಂಡು ಎಂಬ ಊರಿನಿಂದ ಇನ್ನೊಂದು ರಸ್ತೆ ತೇನಿ, ಕಂಬಂ ಕಣಿವೆಯತ್ತ ಹೋಗುತ್ತದೆ. ಆ ಕಡೆಯ ಹಳ್ಳಿಗಳಲ್ಲಿ ಕಪ್ಪಿಲಿಯರೆಂದು ಕರೆಯಲ್ಪಡುವ ಒಕ್ಕಲು ಜನ ತಲೆಮಾರುಗಳಿಂದ ಮನೆಮಾತಾಗಿ ಕನ್ನಡವನ್ನು ಆಡುತ್ತಿದ್ದಾರೆ. ವತ್ತಲಗುಂಡಿನಲ್ಲಿ ಕಾಫಿಗೆ ನಿಂತಾಗ ಪಕ್ಕದ ಮೇಜಿನಿಂದ ಹಳೆಯ ಛಾಯೆಯ ಕನ್ನಡ ಕಿವಿಗೆ ಬಿದ್ದರೆ ಬೆರಗಾಗಬೇಕಿಲ್ಲ, ಮಾತನಾಡಿಸಿ ನೋಡಿ.

ಸ್ವಂತ ವಾಹನದಲ್ಲೋ ಬಾಡಿಗೆ ವಾಹನದಲ್ಲೋ ಹೋಗುವವರಿಗೆ ಇ-ಪಾಸ್ ಕಡ್ಡಾಯ. ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೂ ಕೊಡೈಕೆನಾಲಿಗೂ ಈ ವ್ಯವಸ್ಥೆ ಬಂದಿತು. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ಕೊಡೈಕೆನಾಲಿಗೆ ವಾರದ ದಿನಗಳಲ್ಲಿ 4,000, ವಾರಾಂತ್ಯದಲ್ಲಿ 6,000 ವಾಹನಗಳೆಂಬ ಮಿತಿಯನ್ನೂ ನ್ಯಾಯಾಲಯ ವಿಧಿಸಿತು. ನಿಯಮಗಳು ಋತುವಿನಿಂದ ಋತುವಿಗೆ ಬದಲಾಗುವುದರಿಂದ, ಪಾಸು ಕೈಗೆ ಬಂದ ಮೇಲೆಯೇ ಹೋಟೆಲಿಗೆ ಮುಂಗಡ ಕಟ್ಟಿ. ಸಂಘಸಂಸ್ಥೆಗಳ ವತಿಯಿಂದ ಪ್ರವಾಸ ಏರ್ಪಡಿಸುವವರು ಇನ್ನೊಂದನ್ನು ಗಮನಿಸಬೇಕು: 12 ಮೀಟರಿಗಿಂತ ಉದ್ದದ ವಾಹನಗಳಿಗೆ 2024ರ ನವೆಂಬರಿನಲ್ಲಿ ಘಟ್ಟದ ಮೇಲೆ ನಿಷೇಧ ಬಂದಿತು. ದೊಡ್ಡ ಬಸ್ಸು ಗೊತ್ತುಮಾಡುವ ಮುನ್ನ ವಿಚಾರಿಸಿಕೊಳ್ಳಿ. ಸಣ್ಣ ಪ್ಲಾಸ್ಟಿಕ್ ನೀರಿನ ಬಾಟಲಿಗಳಿಗೂ ಅಲ್ಲಿ ನಿಷೇಧವಿದೆ. ಮನೆಯಿಂದ ಸ್ಟೀಲಿನ ಬಾಟಲಿಗಳನ್ನೂ, ಎತ್ತರದಲ್ಲಿ ಚಳಿಗೆ ಒಗ್ಗದ ಹಿರಿಯರಿಗೆ ಕಿವಿ ಮುಚ್ಚುವ ಮಫ್ಲರನ್ನೂ ಒಯ್ದರೆ ಅರ್ಧ ತೊಂದರೆ ತಪ್ಪಿದಂತೆ. ಘಟ್ಟ ಏರುವ ಮುನ್ನ ಮಕ್ಕಳಿಗೆ ಹೊಟ್ಟೆತುಂಬ ದೋಸೆ ತಿನ್ನಿಸಬೇಡಿ. ಎರಡು ಇಡ್ಲಿ ಸಾಕು. ತಿರುವುಗಳು ಒಂದಾದ ಮೇಲೊಂದು ಬರುತ್ತವೆ.

ಈ ರಸ್ತೆ ಸಿದ್ಧವಾದದ್ದೂ 20ನೇ ಶತಮಾನದಲ್ಲಿಯೇ. ಅದಕ್ಕೆ ಮೊದಲು ಬಯಲಿನಿಂದ ಬರುವ ಉಳ್ಳವರು ಕೂಲಿಗಳ ಹೆಗಲ ಮೇಲಿನ ಡೋಲಿಯಲ್ಲೋ ಕುದುರೆಯ ಮೇಲೋ ಕಾಲುದಾರಿಯನ್ನು ಏರುತ್ತಿದ್ದರು. ಮಧುರೆಯಲ್ಲಿದ್ದ ಅಮೆರಿಕನ್ ಮಿಷನಿನವರು ಬಿಸಿಲು, ಜ್ವರಗಳಿಂದ ತಪ್ಪಿಸಿಕೊಳ್ಳಲು 1845ರಲ್ಲಿ ಇಲ್ಲಿ ಮನೆ ಕಟ್ಟಿಕೊಂಡದ್ದು ಈ ಊರಿನ ಆರಂಭ.

ಬೆಳಗಿನ ಹೊತ್ತು ಕಾಡಿನ ಕಡೆಗೆ

ಬೆಳಿಗ್ಗೆ ಬಯಲು ತಂಪಾಗಿರುತ್ತದೆ, ಕಣಿವೆ ತಿಳಿಯಾಗಿ ಕಾಣುತ್ತದೆ. ಬಿಸಿಲೇರಿದಂತೆ ಕೆಳಗಿನ ತೇವಭರಿತ ಗಾಳಿ ಕಾದು ಬೆಟ್ಟದ ಇಳಿಜಾರನ್ನು ಹಿಡಿದು ಮೇಲೇರುತ್ತದೆ. ಏರಿದಂತೆ ತಣಿದು ಮಂಜಾಗುತ್ತದೆ. ಕೊಡೈಕೆನಾಲಿನ ಹೆಸರಾಂತ ನೋಟಗಳೆಲ್ಲ ಪ್ರಪಾತದ ಅಂಚಿನಲ್ಲಿಯೇ ಇರುವುದರಿಂದ ಮಧ್ಯಾಹ್ನದ ಹೊತ್ತಿಗೆ ಅವು ಮರೆಯಾಗುವುದು ಸಾಮಾನ್ಯ. ಕೆರೆ ಮತ್ತು ಉದ್ಯಾನ ಮಂಜಿನಲ್ಲಿಯೂ ಚೆಂದವೇ. ಹಾಗಾಗಿ ಪ್ರಪಾತಗಳು ಬೆಳಿಗ್ಗೆ, ಕೆರೆ ಸಂಜೆ. ಬಹುಪಾಲು ಪ್ರವಾಸಿಗರು ಹೋಟೆಲಿನ ಹತ್ತಿರವೇ ಇದೆಯೆಂದು ಮೊದಲು ಕೆರೆಗೆ ಹೋಗುತ್ತಾರೆ. ನಾವು ಮಾಡಿದ ತಪ್ಪು ಅದಲ್ಲವಾದರೂ ಅದೂ ತಪ್ಪೇ.

ಊರಿನಿಂದ ಗಾಲ್ಫ್ ಮೈದಾನದ ಕಡೆಗೆ ಹೋಗುವ ರಸ್ತೆಯಲ್ಲಿ ಗ್ರೀನ್ ವ್ಯಾಲಿ ವ್ಯೂ, ಕಂಬದ ಬಂಡೆಗಳು, ಗುಣಾ ಗುಹೆ, ಪೈನ್ ಕಾಡು, ಮೋಯರ್ ಪಾಯಿಂಟ್ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಬರುತ್ತವೆ. ದ್ವಾರ ತೆರೆಯುವ ಹೊತ್ತಿಗೇ ಕಂಬದ ಬಂಡೆಗಳ ಎದುರು ನಿಂತಿರಬೇಕು. ಸುಮಾರು 400 ಅಡಿ ಎತ್ತರದ ಮೂರು ಗ್ರಾನೈಟ್ ಬಂಡೆಗಳು ಒಂದಕ್ಕೊಂದು ಒರಗಿದಂತೆ ನೇರವಾಗಿ ನಿಂತಿವೆ. ಮೋಡ ಸರಿದು ಅವು ಕಾಣಿಸುವುದು ಒಮ್ಮೊಮ್ಮೆ ಐದೇ ನಿಮಿಷ. ಮುಚ್ಚಿಕೊಂಡಿದ್ದರೆ ಹದಿನೈದು ನಿಮಿಷ ಕಾಯಿರಿ, ಚಾಲಕ ಅವಸರಪಡಿಸಿದರೂ ಸರಿಯೇ.

ಅದರ ಬಳಿಯ ಗುಣಾ ಗುಹೆಗೆ ಹಿಂದೆ ಇದ್ದ ಹೆಸರು ಸೈತಾನನ ಅಡುಗೆಮನೆ. ಕಮಲ್ ಹಾಸನ್ ನಟಿಸಿದ 1991ರ 'ಗುಣಾ' ಚಿತ್ರದಿಂದ ಈಗಿನ ಹೆಸರು ಬಂದಿತು. 2006ರಲ್ಲಿ ಕೇರಳದ ಗೆಳೆಯರ ತಂಡದಲ್ಲೊಬ್ಬ ಇಲ್ಲಿನ ಆಳವಾದ ಬಿರುಕಿಗೆ ಬಿದ್ದು, ಸ್ನೇಹಿತನೇ ಹಗ್ಗ ಕಟ್ಟಿಕೊಂಡು ಇಳಿದು ಮೇಲೆತ್ತಿದ ಪ್ರಸಂಗ 2024ರ ಮಲಯಾಳಂ ಚಿತ್ರ 'ಮಂಞುಮ್ಮಲ್ ಬಾಯ್ಸ್'ಗೆ ವಸ್ತುವಾಯಿತು. ಚಿತ್ರ ಬಂದ ಮೇಲೆ ಅಲ್ಲಿಗೆ ಜನದಟ್ಟಣೆ ಬಹಳ ಹೆಚ್ಚಿತು. ಬೇಲಿ ಹಾಕಿ ಗುಹೆಯೊಳಗಿನ ಪ್ರವೇಶವನ್ನು ತಡೆದಿದ್ದಾರೆ. ಹದಿಹರೆಯದ ಮಕ್ಕಳು ಜೊತೆಗಿದ್ದರೆ ಬೇಲಿ ಹಾರುವ ಮಾತು ಬೇಡವೆಂದು ವಾಹನದಿಂದ ಇಳಿಯುವ ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲಿ ಹೊರಗೆ ಹರಡಿಕೊಂಡ ಮರದ ಬೇರುಗಳನ್ನು ನೋಡುವುದೇ ಸಾಕಷ್ಟು. ಕೋತಿಗಳು ಕೈಯಲ್ಲಿದ್ದುದನ್ನು ಕಸಿಯುವುದರಲ್ಲಿ ನಿಪುಣ; ಪುಳಿಯೋಗರೆಯ ಡಬ್ಬಿ ವಾಹನದಲ್ಲೇ ಇರಲಿ.

ಪೈನ್ ಕಾಡು ಇಂಗ್ಲಿಷರ ಕಾಲದ ನೆಡುತೋಪು. ಅಡ್ಡಾಡಲು ಸೊಗಸಾಗಿದೆ, ಆದರೆ ಈ ಬೆಟ್ಟದ ಸಹಜ ಸಂಪತ್ತು ಇದಲ್ಲ. ಕಣಿವೆಯ ಮಡಿಲುಗಳಲ್ಲಿ ಅಲ್ಲಲ್ಲಿ ಉಳಿದಿರುವ ಗಿಡ್ಡ ಮರಗಳ ಶೋಲಾ ಕಾಡನ್ನು ದಾರಿಯಲ್ಲಿ ಮಕ್ಕಳಿಗೆ ತೋರಿಸಿ. ಕುದುರೆಮುಖವನ್ನು ಕಂಡವರಿಗೆ ಅದು ಕೂಡಲೇ ಗುರುತು ಸಿಗುತ್ತದೆ. ಮುಂದಿನ ಬೇರಿಜಂ ಕೆರೆಗೆ ಅರಣ್ಯ ಇಲಾಖೆಯ ಪ್ರತ್ಯೇಕ ಅನುಮತಿ ಬೇಕು, ವಾಹನಗಳ ಸಂಖ್ಯೆಯೂ ಸೀಮಿತ. ಒಂದು ದಿನದ ಲೆಕ್ಕದಲ್ಲಿ ಅದನ್ನು ಬಿಟ್ಟುಬಿಡಿ. ಡಾಲ್ಫಿನ್ಸ್ ನೋಸ್ ಎಂಬ ಬಂಡೆಗೆ ಬೇರು, ಕಲ್ಲುಗಳ ಕಡಿದಾದ ಇಳಿಜಾರು. ಇಳಿಯುವಾಗ ತಿಳಿಯದು, ಹತ್ತಿ ಬರುವಾಗ ಮಂಡಿಗಳು ಹೇಳುತ್ತವೆ. ಮನೆಯ ಹಿರಿಯರೊಡನೆ ಅತ್ತ ಹೋಗುವುದು ಬೇಡ.

ಸೂರ್ಯನನ್ನು ಕಾಯುವ ಬೆಟ್ಟ

ಹನ್ನೊಂದರ ಮೇಲೆ ಮಂಜು ಕವಿದರೆ ವೀಕ್ಷಣಾಲಯದ ಕಡೆ ಹೋಗಬಹುದು. 2,343 ಮೀಟರ್ ಎತ್ತರದಲ್ಲಿರುವ ಈ ಸೌರ ವೀಕ್ಷಣಾಲಯ ಚೆನ್ನೈಯವರಾದ ನಮಗೆ ಒಂದು ರೀತಿಯಲ್ಲಿ ತವರಿನ ಸಂಬಂಧದ್ದು. ನುಂಗಂಬಾಕ್ಕಂನಲ್ಲಿ ಈಗ ಹವಾಮಾನ ಕೇಂದ್ರವಿರುವ ಆವರಣದಲ್ಲಿಯೇ ಹಿಂದೆ ಮದ್ರಾಸ್ ವೀಕ್ಷಣಾಲಯವಿತ್ತು. 1792ರ ಗ್ರಾನೈಟ್ ಕಂಬ ಇಂದಿಗೂ ಅಲ್ಲಿದೆ. 1876-77ರ ಭೀಕರ ಕ್ಷಾಮದ ನಂತರ ಮಳೆಗೂ ಸೂರ್ಯನ ಏರಿಳಿತಕ್ಕೂ ನಂಟಿರಬಹುದೇ ಎಂಬ ಪ್ರಶ್ನೆ ಬಲವಾಯಿತು. ಸೂರ್ಯನ ಅಧ್ಯಯನಕ್ಕೆ ಶುಭ್ರ ಆಕಾಶದ ಎತ್ತರದ ತಾಣ ಬೇಕೆಂದು ಕೊಡೈಕೆನಾಲನ್ನು ಆರಿಸಿ, 1899ರಲ್ಲಿ ಕೆಲಸವನ್ನು ಇಲ್ಲಿಗೆ ತಂದರು. ಸೂರ್ಯನ ಕಲೆಗಳಲ್ಲಿ ಅನಿಲಗಳು ಹೊರಮುಖವಾಗಿ ಹರಿಯುವುದನ್ನು ಜಾನ್ ಎವರ್‌ಶೆಡ್ 1909ರಲ್ಲಿ ಕಂಡುಹಿಡಿದದ್ದು ಇಲ್ಲಿಯೇ. ಜಗತ್ತಿನ ಖಗೋಳ ಗ್ರಂಥಗಳಲ್ಲಿ ಅದಕ್ಕೆ ಇಂದಿಗೂ ಅವರದೇ ಹೆಸರು. ನೂರು ವರ್ಷಕ್ಕೂ ಮೀರಿದ ಸೂರ್ಯನ ಚಿತ್ರಗಳ ಸಂಗ್ರಹವೂ ಇಲ್ಲಿನದು. ಇದನ್ನು ನಡೆಸುತ್ತಿರುವ ಭಾರತೀಯ ಖಭೌತ ಸಂಸ್ಥೆಯ ಕೇಂದ್ರ ಕಛೇರಿ ಇರುವುದು ಬೆಂಗಳೂರಿನ ಕೋರಮಂಗಲದಲ್ಲಿ. ಸಾರ್ವಜನಿಕರಿಗೆ ತೆರೆದಿರುವ ದಿನ, ವೇಳೆಗಳು ಸೀಮಿತವಾದ್ದರಿಂದ ಮೊದಲೇ ಕೇಳಿಕೊಂಡು ಹೋಗಬೇಕು. ನಮ್ಮ ಅಭಿಪ್ರಾಯದಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಉಳಿದ ಹತ್ತು ಪಾಯಿಂಟುಗಳಿಗಿಂತ ಇದು ಮೇಲು.

ಭಕ್ತಿಯುಳ್ಳವರು ಕೆರೆಯಿಂದ ಮೂರು ಕಿಲೋಮೀಟರ್ ದೂರದ ಕುರಿಂಜಿ ಆಂಡವರ್ ದೇವಾಲಯಕ್ಕೆ ಹೋಗಬಹುದು. ಕುಕ್ಕೆಯ ಸುಬ್ರಹ್ಮಣ್ಯನೇ ಇಲ್ಲಿ ಕುರಿಂಜಿ ನೆಲದ ಒಡೆಯ ಮುರುಗ. ದೇವಾಲಯ 1936ರದು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ ಇಲ್ಲಿ 2006ರಲ್ಲಿ, 2018ರಲ್ಲಿ ಅರಳಿತ್ತು. ಮುಂದಿನ ಸರದಿ 2030. ಚಿಕ್ಕಮಗಳೂರಿನ ಬೆಟ್ಟಗಳಲ್ಲಿ 2022ರಲ್ಲಿ ಕಂಡವರು ಬೇರೆ ಬೇರೆ ಬೆಟ್ಟಗಳ ಲೆಕ್ಕ ಬೇರೆ ಬೇರೆ ಎಂಬುದನ್ನು ನೆನಪಿಡಬೇಕು.

ಸಂಜೆ ಕೆರೆಯ ದಡದಲ್ಲಿ

ಊಟಕ್ಕೆ ಬಸ್ ನಿಲ್ದಾಣದ ಸುತ್ತಮುತ್ತ, ಏಳು ರಸ್ತೆಗಳು ಕೂಡುವ ವೃತ್ತದ ಬಳಿ ಸಸ್ಯಾಹಾರಿ ಹೋಟೆಲುಗಳು ಸಾಕಷ್ಟಿವೆ. ಹನ್ನೆರಡೂವರೆಗೇ ಕೂತರೆ ಕಾಯಬೇಕಾಗುವುದಿಲ್ಲ. ಊಟದ ನಂತರ ಹಿರಿಯರಿಗೆ ಒಂದು ಗಂಟೆ ವಿಶ್ರಾಂತಿ ಬೇಕೇ ಬೇಕು. ಈ ಎತ್ತರದಲ್ಲಿ ದಣಿವು ಬೇಗ. ಅಷ್ಟರಲ್ಲಿ ಉಳಿದವರು ಕೋಕರ್ಸ್ ವಾಕಿಗೆ ಹೋಗಿ ಬರಬಹುದು. 1872ರಲ್ಲಿ ಕೋಕರ್ ಎಂಬ ಸೇನಾಧಿಕಾರಿ ಮಾಡಿಸಿದ, ಬೆಟ್ಟದ ಅಂಚನ್ನೇ ಹಿಡಿದು ಸಾಗುವ ಸುಮಾರು ಒಂದು ಕಿಲೋಮೀಟರಿನ ಕಾಲುದಾರಿಯಿದು. ಸೂರ್ಯ ಬೆನ್ನ ಹಿಂದಿದ್ದು ಎದುರಿನ ಕಣಿವೆಯಲ್ಲಿ ಮಂಜು ತುಂಬಿದ್ದರೆ ನಮ್ಮ ನೆರಳೇ ದೈತ್ಯಾಕಾರವಾಗಿ, ತಲೆಯ ಸುತ್ತ ಬಣ್ಣದ ಬಳೆಯೊಡನೆ ಮಂಜಿನ ಮೇಲೆ ಮೂಡುವುದುಂಟು. ನಮಗೆ ಒಂದೇ ಒಂದು ಸಲ ಕಂಡಿದೆ.

ಮೂರೂವರೆಗೆ ಎಲ್ಲರೂ ಕೆರೆಗೆ. ಇದು ನಿಸರ್ಗದತ್ತ ಸರೋವರವಲ್ಲ. ಮಧುರೆಯ ಕಲೆಕ್ಟರರಾಗಿದ್ದ ವಿಯರ್ ಹೆನ್ರಿ ಲೆವಿಂಜ್ 1863ರಲ್ಲಿ ತೊರೆಗೆ ಒಡ್ಡು ಕಟ್ಟಿಸಿ ನಿರ್ಮಿಸಿದ, 60 ಎಕರೆ ವಿಸ್ತಾರದ, ನಕ್ಷತ್ರದಂತೆ ಚಾಚುಗಳಿರುವ ಕೆರೆ. ಸುತ್ತಲಿನ ರಸ್ತೆ ಹೆಚ್ಚುಕಡಿಮೆ ಐದು ಕಿಲೋಮೀಟರ್. ಯುವಕರಿಗೆ ಬಾಡಿಗೆ ಸೈಕಲ್ ಇದೆ, ಮಕ್ಕಳಿಗೆ ಕುದುರೆ ಸವಾರಿ. ಪೆಡಲ್ ದೋಣಿ ನೋಡಲು ಸುಲಭ, ತುಳಿದವರಿಗೇ ಗೊತ್ತು. ಹಿರಿಯರಿದ್ದರೆ ಹುಟ್ಟು ಹಾಕುವವನಿರುವ ದೋಣಿಯನ್ನೇ ಹಿಡಿಯಿರಿ, ಲೈಫ್ ಜಾಕೆಟ್ ಎಲ್ಲರಿಗೂ ಕೇಳಿ ತೊಡಿಸಿ. ದೋಣಿ ಬೇಡವೆನ್ನುವವರು ದೋಣಿಮನೆಯ ಗದ್ದಲ ಬಿಟ್ಟು ಐದು ನಿಮಿಷ ಮುಂದೆ ನಡೆದರೆ ಮರದ ನೆರಳು, ನೀರಿನ ಸಪ್ಪಳ ಮಾತ್ರ ಉಳಿಯುತ್ತವೆ. ಕೂರಲು ಜಾಗ ಸಿಗುತ್ತದೆ. ಕೆರೆಯ ಬದಿಗೇ ಇರುವ ಬ್ರಯಂಟ್ ಉದ್ಯಾನ 1908ರದು; ಗುಲಾಬಿ ಪ್ರಿಯರು ಅಲ್ಲಿ ಒಂದು ಗಂಟೆ ಕಳೆಯಬಹುದು, ಉಳಿದವರಿಗೆ ಇಪ್ಪತ್ತು ನಿಮಿಷ ಧಾರಾಳ.

ಕತ್ತಲಾದ ಮೇಲೆ ಕಾಡುಕೋಣಗಳು ಊರಿನ ರಸ್ತೆಗಳಿಗೇ ಇಳಿಯುತ್ತವೆ. ಸಾಕಿದ ಎಮ್ಮೆಯಂತೆ ಸಾಧುವಾಗಿ ಕಂಡರೂ ಮೊಬೈಲ್ ಹಿಡಿದು ಹತ್ತಿರ ಹೋಗುವುದು ಅಪಾಯ. ಖರೀದಿಯ ಮಟ್ಟಿಗೆ ಹೇಳುವುದಾದರೆ, ಅಂಗಡಿ ಅಂಗಡಿಗಳಲ್ಲಿ ಕೂಗುವ ಚಾಕೊಲೇಟಿಗಿಂತ 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬೆಟ್ಟದ ಬೆಳ್ಳುಳ್ಳಿ ಕೊಳ್ಳಿರಿ. ಎಸಳು ಚಿಕ್ಕದು, ಖಾರ ಹೆಚ್ಚು. ಸಾರಿನ ಒಗ್ಗರಣೆಗೆ ಎರಡೆಸಳು ಸಾಕು.

ಮರುದಿನ ಬೆಳಿಗ್ಗೆ ಇಳಿಯುವಾಗ, ಊರಿನಿಂದ ಎಂಟು ಕಿಲೋಮೀಟರಿನಲ್ಲಿ ರಸ್ತೆಯ ಪಕ್ಕದಲ್ಲೇ ಸಿಲ್ವರ್ ಕ್ಯಾಸ್ಕೇಡ್ ಜಲಪಾತ ಸಿಗುತ್ತದೆ. 180 ಅಡಿ ಎತ್ತರದಿಂದ ಬೀಳುವ ಈ ನೀರು ಹಿಂದಿನ ಸಂಜೆ ನೀವು ಕೂತಿದ್ದ ಕೆರೆಯಿಂದಲೇ ತುಂಬಿ ಹರಿದುಬಂದದ್ದು. ಅದನ್ನು ಕುಡಿಯಬೇಡಿ, ನೋಡಿ ಮುಂದೆ ಸಾಗಿ. ಚೆನ್ನೈಗೆ ರಾತ್ರಿಯ ರೈಲು ಹಿಡಿಯುವವರಿಗೆ ಅಂದು ಹಗಲೆಲ್ಲ ಕೈಯಲ್ಲಿರುವುದರಿಂದ ಮಧುರೆಯ ಮೀನಾಕ್ಷಿಯ ದರ್ಶನಕ್ಕೂ ಸಮಯವಿರುತ್ತದೆ. ದೇವಾಲಯ ಮಧ್ಯಾಹ್ನ ಮುಚ್ಚಿರುವುದರಿಂದ ಸಂಜೆಯ ಹೊತ್ತನ್ನೇ ಇಟ್ಟುಕೊಳ್ಳಿ.