ಮೇಳಗಳ ತಜ್ಞರ ಗೋಷ್ಠಿಗಳ ನೇರ ಪ್ರಸಾರ: ಚಿತ್ತಾಪುರ ಭಾಗದ ತೊಗರಿ ಬೆಳೆಗಾರರಿಗೆ ಮಾಹಿತಿ

ಕೃಷಿ ಮೇಳ ಹಾಗೂ ವಾಣಿಜ್ಯ ಮೇಳಗಳಲ್ಲಿ ಮಳಿಗೆಗಳ ಜೊತೆಗೆ ವಿಷಯ ತಜ್ಞರ ಗೋಷ್ಠಿಗಳನ್ನು ಏರ್ಪಡಿಸಲಾಗುತ್ತದೆ. ಸದರಿ ಗೋಷ್ಠಿಗಳನ್ನು ಅಂತರ್ಜಾಲದ ಮೂಲಕ ಅದೇ ಸಮಯದಲ್ಲಿ ಬಿತ್ತರಿಸುವುದಕ್ಕೆ ನೇರ ಪ್ರಸಾರವೆನ್ನುತ್ತಾರೆ. ರಾಜ್ಯದಲ್ಲಿ ಈ ಕ್ರಮವು ಕೋವಿಡ್-19ರ ಸಂದರ್ಭದಲ್ಲಿ ವ್ಯಾಪಕವಾಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು 2020ರ ನವೆಂಬರ್ 11ರಿಂದ 13ರವರೆಗೆ ಜಿಕೆವಿಕೆ ಆವರಣದಲ್ಲಿ ಸೀಮಿತ ಸಂಖ್ಯೆಯ ರೈತರೊಂದಿಗೆ ಕೃಷಿ ಮೇಳವನ್ನು ನಡೆಸಿ, ಉಳಿದವರಿಗೆ ಅಂತರ್ಜಾಲದ ಮೂಲಕ ನೋಡಲು ಅವಕಾಶ ಕಲ್ಪಿಸಿತು. ಅದೇ ತಿಂಗಳ 19ರಿಂದ 21ರವರೆಗೆ ಬೆಂಗಳೂರು ತಂತ್ರಜ್ಞಾನ ಶೃಂಗಸಭೆಯೂ ಅಂತರ್ಜಾಲದಲ್ಲಿಯೇ ಜರುಗಿತು.

ಚಿತ್ತಾಪುರದಿಂದ ಬೆಂಗಳೂರು ಐನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಮೇಳಕ್ಕೆ ರೈಲಿನಲ್ಲಿ ಹೋಗುವವರು ವಾಡಿ ಜಂಕ್ಷನ್ ಮಾರ್ಗವಾಗಿ ಸಾಗಬೇಕು. ರಾಶಿಯ ಕಾಲದಲ್ಲಿ ಹೊಲ ಬಿಟ್ಟು ಎರಡು ದಿನ ಹೋಗಿಬರುವುದು ಸುಲಭವಲ್ಲ. ಬಿತ್ತನೆ ಯಂತ್ರವನ್ನು ಮುಟ್ಟಿ ನೋಡುವುದಕ್ಕೆ, ಪ್ರಾತ್ಯಕ್ಷಿಕೆ ತಾಕಿನಲ್ಲಿ ನಿಂತು ಕಾಯಿ ಎಣಿಸುವುದಕ್ಕೆ ಮೊಬೈಲ್ ಪರದೆಯು ಬದಲಿಯಾಗದು. ಆದರೆ ತಜ್ಞರ ಮಾತು ಕೇಳಲು ಪ್ರಯಾಣದ ಅಗತ್ಯವಿಲ್ಲ.

ಈ ಭಾಗಕ್ಕೆ ಮುಖ್ಯವಾದ ವಿಷಯವೆಂದರೆ ತೊಗರಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. 2022-23ನೇ ಸಾಲಿನಲ್ಲಿ ಜಿಲ್ಲೆಯ ಬೆಳೆಯು ನೆಟೆ ರೋಗಕ್ಕೆ ತುತ್ತಾಗಿ ಬೆಳೆಗಾರರು ಅಪಾರ ನಷ್ಟ ಅನುಭವಿಸಿದರು. ಇಂತಹ ಸಂದರ್ಭದಲ್ಲಿ ಗೋಷ್ಠಿಗೆ ಅತಿ ಹೆಚ್ಚಾಗಿ ಬರುವ ಪ್ರಶ್ನೆ "ತೊಗರಿ ಒಣಗುತ್ತಿದೆ, ಏನು ಹೊಡೆಯಬೇಕು" ಎಂಬುದಾಗಿರುತ್ತದೆ. ಇಷ್ಟೇ ಬರೆದರೆ ಯಾವ ತಜ್ಞರೂ ಖಚಿತವಾಗಿ ಉತ್ತರಿಸಲಾರರು. ಗಿಡವು ತೇವಾಂಶದ ಕೊರತೆಯಿಂದಲೂ ಒಣಗಬಹುದು, ನೆಟೆ ರೋಗದಿಂದಲೂ ಒಣಗಬಹುದು. ನೆಟೆ ರೋಗವು ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುವಂಥದ್ದು. ಕಾಂಡವನ್ನು ಉದ್ದಕ್ಕೆ ಸೀಳಿದಾಗ ಒಳಭಾಗದಲ್ಲಿ ಕಂದು ಅಥವಾ ಕಪ್ಪು ಗೆರೆಗಳು ಕಂಡುಬರುತ್ತವೆ. ಗಿಡ ಹಸಿರಾಗಿಯೇ ಇದ್ದು ಹೂವು, ಕಾಯಿ ಬಿಡದಿದ್ದರೆ ಅದು ಗೊಡ್ಡು ರೋಗವಿರಬಹುದು. ಇದನ್ನು ನುಸಿಗಳು ಹರಡುತ್ತವೆ. ಆದ್ದರಿಂದ ಪ್ರಶ್ನೆಯೊಂದಿಗೆ ತಳಿಯ ಹೆಸರು, ಬಿತ್ತಿದ ದಿನಾಂಕ, ಹಿಂದಿನ ವರ್ಷದ ಬೆಳೆ, ಕಡೆಯದಾಗಿ ಮಳೆಯಾದ ದಿನ ಇವುಗಳನ್ನು ನಮೂದಿಸುವುದು ಸೂಕ್ತ. ಭಾವಚಿತ್ರ ಕಳುಹಿಸಲು ಅವಕಾಶವಿದ್ದಲ್ಲಿ ಸೀಳಿದ ಕಾಂಡದ ಚಿತ್ರವನ್ನು ಕಳುಹಿಸತಕ್ಕದ್ದು.

ನೆಟೆ ರೋಗ ಕಾಣಿಸಿಕೊಂಡ ಗಿಡವನ್ನು ಸಿಂಪರಣೆಯಿಂದ ಉಳಿಸಿಕೊಳ್ಳುವುದು ಕಷ್ಟ. ಟಿಎಸ್-3ಆರ್, ಜಿಆರ್‌ಜಿ-811ರಂತಹ ರೋಗ ತಡೆದುಕೊಳ್ಳುವ ತಳಿಗಳ ಆಯ್ಕೆ, ಟ್ರೈಕೋಡರ್ಮಾದಿಂದ ಬೀಜೋಪಚಾರ, ಬೆಳೆ ಪರಿವರ್ತನೆ ಇವೆಲ್ಲವೂ ಬಿತ್ತನೆಗೆ ಮುನ್ನ ಆಗಬೇಕಾದ ಕಾರ್ಯಗಳು. ಹೀಗಾಗಿ ನವೆಂಬರ್, ಡಿಸೆಂಬರ್ ತಿಂಗಳ ಗೋಷ್ಠಿಯಲ್ಲಿ ಕೇಳಿದ ಉತ್ತರವು ಬಹುಪಾಲು ಮುಂದಿನ ಮುಂಗಾರಿಗೆ ಉಪಯೋಗವಾಗುತ್ತದೆ. ಅದನ್ನು ಬರೆದಿಟ್ಟುಕೊಳ್ಳಬೇಕು.

ಸೆಕೆಂಡಿಗೆ 1 ಮೆಗಾಬಿಟ್ ವೇಗದ ಪ್ರಸಾರವನ್ನು ಒಂದು ಗಂಟೆ ನೋಡಿದರೆ ಸುಮಾರು 450 ಮೆಗಾಬೈಟ್ ಡೇಟಾ ಖರ್ಚಾಗುತ್ತದೆ. ಚಿತ್ರದ ಗುಣಮಟ್ಟವನ್ನು ತಗ್ಗಿಸಿದರೆ ಖರ್ಚು ಇಳಿಯುತ್ತದೆ, ಮಾತು ಕೇಳುವುದಕ್ಕೆ ಅಡ್ಡಿಯಿಲ್ಲ. ಪ್ರಸಾರವು ವೇದಿಕೆಗಿಂತ ಕೆಲವು ಸೆಕೆಂಡು ತಡವಾಗಿ ತಲುಪುವುದರಿಂದ ಪ್ರಶ್ನೆಯನ್ನು ಗೋಷ್ಠಿಯ ಮೊದಲರ್ಧದಲ್ಲಿಯೇ ಕಳುಹಿಸುವುದು ಒಳ್ಳೆಯದು. ಧ್ವನಿಮುದ್ರಿಕೆಯನ್ನು ಉಳಿಸಿದ್ದಲ್ಲಿ ನಂತರವೂ ನೋಡಬಹುದು, ಆದರೆ ಆಗ ಪ್ರಶ್ನೆ ಕೇಳಲು ಅವಕಾಶವಿರುವುದಿಲ್ಲ.

ಪ್ರತಿಕ್ರಿಯೆ ಅಂಕಣದಲ್ಲಿ ಅಪರಿಚಿತರು ಔಷಧಿಯ ಹೆಸರು, ದೂರವಾಣಿ ಸಂಖ್ಯೆ ಬರೆಯುವುದುಂಟು. ಅವು ತಜ್ಞರ ಶಿಫಾರಸುಗಳಲ್ಲ. ಹಣ, ಬ್ಯಾಂಕ್ ಖಾತೆಯ ವಿವರ ಅಥವಾ ಒಟಿಪಿ ಕೇಳಿದಲ್ಲಿ ನೀಡತಕ್ಕದ್ದಲ್ಲ.

ಗೋಷ್ಠಿಯಲ್ಲಿ ಬೆಳೆ ಹಾನಿಯನ್ನು ತಿಳಿಸಿದ ಮಾತ್ರಕ್ಕೆ ಅದು ಪರಿಹಾರದ ಅರ್ಜಿಯಾಗುವುದಿಲ್ಲ. ನೇರ ಪ್ರಸಾರದಲ್ಲಿ ಹೇಳಿಕೊಂಡೆವೆಂದು ಸುಮ್ಮನಿದ್ದರೆ ಕಡತದಲ್ಲಿ ಏನೂ ದಾಖಲಾಗಿರುವುದಿಲ್ಲ. ಫ್ರೂಟ್ಸ್ ನೋಂದಣಿಯಲ್ಲಿ ತಮ್ಮ ಎಲ್ಲ ಸರ್ವೆ ನಂಬರುಗಳು ಸೇರಿವೆಯೇ, ಬೆಳೆ ಸಮೀಕ್ಷೆಯಲ್ಲಿ ತೊಗರಿ ಎಂದೇ ನಮೂದಾಗಿದೆಯೇ ಎಂಬುದನ್ನು ರೈತರು ಮುಂಚಿತವಾಗಿ ಪರಿಶೀಲಿಸಿಕೊಳ್ಳಬೇಕು. ಹೊಲದಲ್ಲಿ ತೊಗರಿ, ದಾಖಲೆಯಲ್ಲಿ ಬೇರೆ ಬೆಳೆ ಇದ್ದಲ್ಲಿ ಮುಂದೆ ತೊಂದರೆಯಾಗುತ್ತದೆ. ಸಮೀಕ್ಷೆಯ ವಿವರವನ್ನು ಬೆಳೆ ದರ್ಶಕ ಆ್ಯಪ್‌ನಲ್ಲಿ ನೋಡಿ, ತಪ್ಪಿದ್ದಲ್ಲಿ ಆಕ್ಷೇಪಣೆ ಸಲ್ಲಿಸಬಹುದು.

ಮೊಬೈಲ್ ಸೌಲಭ್ಯವಿಲ್ಲದವರು, ಗೋಷ್ಠಿಯಲ್ಲಿ ಉತ್ತರ ದೊರೆಯದವರು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ರೋಗಪೀಡಿತ ಗಿಡವನ್ನು ಬೇರು ಸಹಿತ ತೆಗೆದುಕೊಂಡು ಹೋಗಿ ವಿಚಾರಿಸಬಹುದು. ಕಿಸಾನ್ ಕಾಲ್ ಸೆಂಟರಿನ ಶುಲ್ಕರಹಿತ ಸಂಖ್ಯೆ 1800-180-1551ಕ್ಕೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾಹಿತಿ ಪಡೆಯಬಹುದಾಗಿದೆ.