ಮೋಗ್ಲಿಗೆ ಕನ್ನಡ ಯಾಕೆ ಬರುತ್ತಿರಲಿಲ್ಲ?

ಕಾರ್ಟೂನ್ ಗೊಂಬೆಯ ಮಾತೃಭಾಷೆ ಯಾವುದು? ಸುಮ್ನೆ ಒಂದು ನಿಮಿಷ ಯೋಚನೆ ಮಾಡಿ ನೋಡಿ. ಟಾಮ್, ಜೆರ್ರಿಗಳದ್ದು ಬಿಡಿ, ಅವು ಮಾತೇ ಆಡುವುದು ಕಡಿಮೆ. ಡೊರೇಮಾನ್? ಜಪಾನೀ ಅಂತೀರಾ? ನಮ್ಮ ಕಡೆಯ ಮಕ್ಕಳನ್ನು ಕೇಳಿದರೆ ಹಿಂದಿ ಅಂತಾರೆ! ಇಬ್ಬರದ್ದೂ ಸರಿಯಲ್ಲ ಅನ್ನೋದು ನನ್ನ ವಾದ. ಬರೆದ ಚಿತ್ರಕ್ಕೆ ಗಂಟಲೇ ಇಲ್ಲ. ಹಾಗಾಗಿ ಮಾತೃಭಾಷೆಯೂ ಇಲ್ಲ. ಯಾರೋ ಒಬ್ಬರು ಕತ್ತಲೆ ಕೋಣೆಯಲ್ಲಿ ಮೈಕಿನ ಮುಂದೆ ಕೂತು ದನಿ ಕೊಟ್ಟಾಗ ಮಾತ್ರ ಅದಕ್ಕೆ ಭಾಷೆ ಬರುತ್ತೆ. ಅಂದರೆ ಮೂಲದಲ್ಲೇ ಪ್ರತಿ ಅನಿಮೇಷನ್ ಚಿತ್ರವೂ ಒಂದು ಡಬ್ಬಿಂಗ್ ಚಿತ್ರ.

ಇದು ಹೇಗೆ ನಡೆಯುತ್ತೆ ಅಂತ ಸ್ವಲ್ಪ ಹೇಳ್ತೀನಿ. ಅಮೆರಿಕದ ಸ್ಟುಡಿಯೋಗಳಲ್ಲಿ ಸಾಮಾನ್ಯವಾಗಿ ಮೊದಲು ದನಿ ಮುದ್ರಿಸಿಕೊಂಡು, ಅದಕ್ಕೆ ತಕ್ಕಂತೆ ಬಾಯಿ ಬರೀತಾರೆ. ಜಪಾನಿನಲ್ಲಿ ಹೆಚ್ಚಾಗಿ ಉಲ್ಟಾ, ಮೊದಲು ಚಿತ್ರ, ಆಮೇಲೆ ದನಿ. ಎರಡರಲ್ಲೂ ಬಾಯಿಯ ಆಕಾರಗಳು ಬೆರಳೆಣಿಕೆಯಷ್ಟೇ. ಮುಚ್ಚಿದ ತುಟಿ, ತೆರೆದ ಬಾಯಿ, ದುಂಡಗಾದ ತುಟಿ, ಹಲ್ಲಿಗೆ ತಾಗಿದ ತುಟಿ... ಇವನ್ನೇ ತಿರುಗಿಸಿ ಮುರುಗಿಸಿ ಇಡೀ ಸಿನಿಮಾ ಮುಗಿಸಬಹುದು. ನಮ್ಮ ವರ್ಣಮಾಲೆ ಬರೆದವರಿಗೆ ಈ ಕೆಲಸ ಕೊಟ್ಟಿದ್ದರೆ ಅರ್ಧ ದಿನದಲ್ಲಿ ಮುಗಿಸುತ್ತಿದ್ದರೇನೋ :-) ಪ, ಫ, ಬ, ಭ, ಮ ಅಂತ ತುಟಿ ಮುಚ್ಚುವ ಅಕ್ಷರಗಳನ್ನೆಲ್ಲ ಒಂದೇ ಸಾಲಿಗೆ ಹಾಕಿಟ್ಟಿದ್ದಾರಲ್ಲ! ಗೊಂಬೆ ತುಟಿ ಮುಚ್ಚಿದ ಕಡೆ ಈ ಸಾಲಿನ ಅಕ್ಷರವಿರುವ ಪದ ಹುಡುಕಿ ಹಾಕುವವನೇ ಒಳ್ಳೆಯ ಡಬ್ಬಿಂಗ್ ಬರಹಗಾರ.

ಇದೇನು ನಮಗೆ ಹೊಸದೂ ಅಲ್ಲ. ತೊಗಲುಗೊಂಬೆಯಾಟ ನೆನಪು ಮಾಡಿಕೊಳ್ಳಿ. ಪರದೆಯ ಹಿಂದೆ ದೀಪ, ಮುಂದೆ ಬಣ್ಣಬಣ್ಣದ ನೆರಳು. ಆಡಿಸುವವರೇ ರಾಮನಿಗೂ ರಾವಣನಿಗೂ ದನಿ ಕೊಡಬೇಕು, ನಗಿಸಲಿಕ್ಕೆ ಕಿಳ್ಳೇಕ್ಯಾತ, ಬಂಗಾರಕ್ಕ ಬೇರೆ. ಈ ಕಲೆಯ ಅನೇಕ ಕುಟುಂಬಗಳ ಮನೆಮಾತು ಮರಾಠಿಯ ಒಂದು ರೂಪ. ಆದರೆ ಪರದೆ ಕಟ್ಟಿದ ಕೂಡಲೇ ಗೊಂಬೆಗಳು ಊರಿನ ಭಾಷೆ ಮಾತಾಡುತ್ತವೆ, ಕರ್ನಾಟಕದಲ್ಲಿ ಕನ್ನಡ, ಆಂಧ್ರದಲ್ಲಿ ತೆಲುಗು. ನೋಡುವವರಿಗೆ ಅರ್ಥವಾಗದ ಭಾಷೆಯಲ್ಲಿ ಗೊಂಬೆ ಕುಣಿಸುವ ಯೋಚನೆ ಆ ಕಲಾವಿದರಿಗೆ ಬರಲೇ ಇಲ್ಲ. ಈ ಕಲೆಗೆ ಬದುಕು ಕೊಟ್ಟ ಕೊಪ್ಪಳದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು.

ಹಾಗಾದರೆ ಟಿವಿಯೊಳಗಿನ ಗೊಂಬೆಗಳಿಗೆ ಮಾತ್ರ ಕನ್ನಡ ಯಾಕೆ ಬರಲಿಲ್ಲ? ಉತ್ತರ ಹುಡುಕಲು ನಮ್ಮ ತಿಪಟೂರಿನವರೇ ಆದ ಒಬ್ಬರ ಕಾಲಕ್ಕೆ ಹೋಗಬೇಕು. ಹಾಸ್ಯನಟ ನರಸಿಂಹರಾಜು, ಪೂರ್ತಿ ಹೆಸರು ತಿಪಟೂರು ರಾಮರಾಜು ನರಸಿಂಹರಾಜು. ನಾಟಕ ಕಂಪನಿಗಳಲ್ಲಿ ಬೆಳೆದು, 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್, ಜಿ.ವಿ. ಅಯ್ಯರ್ ಜೊತೆ ತೆರೆಗೆ ಬಂದವರು. ಆ ದಿನಗಳಲ್ಲಿ ಕನ್ನಡ ಚಿತ್ರಗಳು ವರ್ಷಕ್ಕೆ ಕೆಲವೇ ಕೆಲವು. ಕಲಾವಿದರಿಗೆ ಕೆಲಸವೇ ಇರಲಿಲ್ಲ. ರಾಜ್‌ಕುಮಾರ್, ಅಯ್ಯರ್, ನರಸಿಂಹರಾಜು, ಬಾಲಕೃಷ್ಣ ನಾಲ್ವರೂ ಸೇರಿ ಕಲಾವಿದರ ಸಂಘ ಕಟ್ಟಿ, 1960ರಲ್ಲಿ 'ರಣಧೀರ ಕಂಠೀರವ' ತೆಗೆದದ್ದು ಆ ಕಷ್ಟದಲ್ಲೇ. ಇತ್ತ ತೆಲುಗು, ತಮಿಳು ಚಿತ್ರಗಳು ಕನ್ನಡದ ದನಿ ಹಾಕಿಕೊಂಡು ಬಂದು ಇದ್ದ ಥಿಯೇಟರುಗಳನ್ನೂ ತುಂಬುತ್ತಿದ್ದವು. ಅ.ನ.ಕೃ ಅವರಂಥ ಸಾಹಿತಿಗಳು, ರಾಜ್‌ಕುಮಾರ್ ಅವರಂಥ ನಟರು ಡಬ್ಬಿಂಗ್ ವಿರುದ್ಧ ನಿಂತರು. 60ರ ದಶಕದ ಮಧ್ಯದ ಹೊತ್ತಿಗೆ ಡಬ್ಬಿಂಗ್ ಚಿತ್ರಗಳು ನಿಂತೇ ಹೋದವು. ಯಾವ ಕಾನೂನೂ ಇರಲಿಲ್ಲ, ಬರೀ ಒಂದು ಕಟ್ಟುಪಾಡು.

ಇವತ್ತು ಕೂತು ಅವರನ್ನು ಬೈಯುವುದು ಸುಲಭ. ನಾನು ಬೈಯಲ್ಲ. ಅವತ್ತು ಆ ಬೇಲಿ ಹಾಕದಿದ್ದರೆ ನರಸಿಂಹರಾಜು ಅವರಂಥವರು ಅಷ್ಟು ವರ್ಷ ನಮ್ಮನ್ನು ನಗಿಸುತ್ತಿದ್ದರೋ ಇಲ್ಲವೋ! ಎಳೆ ತೆಂಗಿನ ಸಸಿಗೆ ಬೇಲಿ ಬೇಕೇ ಬೇಕು. ಮರವಾದ ಮೇಲೂ ಬೇಲಿ ಬಿಚ್ಚದೇ ಇದ್ದದ್ದು ಮಾತ್ರ ಬೇರೆ ಕಥೆ. ಇನ್ನೊಂದು ವಿಷಯ ನೋಡಿ: ನಟರ ಅನ್ನ ಉಳಿಸಲು ಹಾಕಿದ ಬೇಲಿಯೊಳಗೆ, ನಟರೇ ಇಲ್ಲದ ಕಾರ್ಟೂನ್ ಕೂಡ ಸಿಕ್ಕಿಹಾಕಿಕೊಂಡಿತು. ಮೋಗ್ಲಿ ಕನ್ನಡ ಮಾತಾಡಿದ್ದರೆ ಯಾವ ನಟನ ಪಾತ್ರ ಕಿತ್ತುಕೊಳ್ಳುತ್ತಿದ್ದ? ಬದಲಿಗೆ ಹತ್ತಾರು ಕಂಠದಾನ ಕಲಾವಿದರಿಗೆ ಕೆಲಸ ಕೊಡುತ್ತಿದ್ದ.

ಮೋಗ್ಲಿ ದೂರದರ್ಶನಕ್ಕೆ ಬಂದದ್ದು 1993ರಲ್ಲಿ. ಜಪಾನಿನಲ್ಲಿ ತಯಾರಾದ 'ಜಂಗಲ್ ಬುಕ್', ಹಿಂದಿಯಲ್ಲಿ. ಶೀರ್ಷಿಕೆ ಗೀತೆ ಬರೆದವರು ಗುಲ್ಜಾರ್, ಶೇರ್‌ಖಾನನಿಗೆ ನಾನಾ ಪಾಟೇಕರ್ ದನಿ. ಭಾನುವಾರಗಳಲ್ಲಿ 'ಡಕ್ ಟೇಲ್ಸ್', ಅದೂ ಹಿಂದಿಯೇ. ನಾನು ಹುಟ್ಟುವ ಮುಂಚಿನ ಕಥೆ ಇದು, ಅಣ್ಣಂದಿರು ಹೇಳಿದ್ದು. ಆಮೇಲೆ ಕೇಬಲ್ ಬಂತು. ಕಾರ್ಟೂನ್ ಚಾನೆಲ್ಲುಗಳು ಹಿಂದಿ ಕಲಿತವು, ತಮಿಳು ಕಲಿತವು, ತೆಲುಗೂ ಕಲಿತವು. ಕನ್ನಡದ ಹತ್ತಿರ ಬಂದಾಗ ಬಾಯಿ ಮುಚ್ಚಿಕೊಂಡವು. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಉಂಡೆ ಕೊಬ್ಬರಿ ಲಾರಿ ಹತ್ತಿ ಉತ್ತರ ಭಾರತಕ್ಕೆ ಹೋಗುತ್ತಿತ್ತು, ಅಲ್ಲಿಂದ ವಾಪಸ್ಸು ಹಿಂದಿ ಮಾತಾಡುವ ಗೊಂಬೆಗಳು ಬರುತ್ತಿದ್ದವು. ಒಳ್ಳೆ ವ್ಯಾಪಾರ ಅಲ್ವಾ!

"ಕಾರ್ಟೂನಿಗೆ ಭಾಷೆ ಯಾಕ್ರೀ, ಮಕ್ಕಳು ಹೇಗೋ ನೋಡ್ತಾರೆ" ಅಂತ ಹೇಳುವವರಿದ್ದಾರೆ. ನೋಡ್ತಾರೆ ನಿಜ. ತುರುವೇಕೆರೆ ಹತ್ತಿರದ ನಮ್ಮ ಹಳ್ಳಿಯಲ್ಲಿ ನಾವೂ ನೋಡಿದ್ವಿ. ಅಜ್ಜಿ ಹುಣಸೆಹಣ್ಣು ಬಿಡಿಸುತ್ತಾ "ಏನಂತೆ ಅದು?" ಅಂತ ಕೇಳೋರು. ನಮಗೂ ಗೊತ್ತಿರುತ್ತಿರಲಿಲ್ಲ, ಬಾಯಿಗೆ ಬಂದ ಡೈಲಾಗ್ ಕಟ್ಟಿ ಹೇಳ್ತಿದ್ವಿ. ಆದರೆ ಬಿದ್ದು ಎದ್ದು ಓಡುವ ಹಾಸ್ಯ ಮಾತ್ರ ನಮ್ಮ ಪಾಲಿಗೆ ಬಂತು, ಮಾತಿನ ಹಾಸ್ಯವಲ್ಲ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಹಾರುವುದು, ಮಾಯವಾಗುವುದು, ರೋಬೋಟು, ಅಂತರಿಕ್ಷ... ಈ ಮಜಾ ವಿಷಯಗಳೆಲ್ಲ ಬೇರೆ ಭಾಷೆಯವು, ಕನ್ನಡ ಏನಿದ್ದರೂ ಊಟ ಮಾಡು, ಹೋಮ್‌ವರ್ಕ್ ಮಾಡು ಅನ್ನಲಿಕ್ಕೆ ಇರೋದು ಅಂತ ಐದು ವರ್ಷದ ಮಗುವಿನ ತಲೆಯಲ್ಲಿ ಕೂತುಬಿಡುತ್ತೆ. ಅದನ್ನು ಆಮೇಲೆ ಯಾವ ರಾಜ್ಯೋತ್ಸವ ಭಾಷಣವೂ ತೆಗೆಯಲಾರದು.

2009ರಲ್ಲಿ ಚಿಂಟು ಟಿವಿ ಬಂತು. ಡೋರಾ, ಜಾಕಿ ಚಾನ್ ಕನ್ನಡದಲ್ಲಿ ಮಾತಾಡಿದರು! ಸಿನಿಮಾಗಳಿಗೆ ಕಟ್ಟುಪಾಡು ಇನ್ನೂ ಇದ್ದ ಕಾಲವದು. ಆಕಾಶವೇನೂ ಕಳಚಿ ಬೀಳಲಿಲ್ಲ. 2012ರಲ್ಲಿ 'ಸತ್ಯಮೇವ ಜಯತೇ' ಕಾರ್ಯಕ್ರಮ ಬೇರೆ ಭಾಷೆಗಳಲ್ಲಿ ಬಂದು ಕನ್ನಡದಲ್ಲಿ ಬರದಿದ್ದಾಗ ಗಲಾಟೆಯಾಯಿತು. ಅದೇ ವರ್ಷ ಕನ್ನಡ ಗ್ರಾಹಕರ ಕೂಟ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. 2015ರ ಜುಲೈನಲ್ಲಿ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಅಂತ ಹೇಳಿ, ವಾಣಿಜ್ಯ ಮಂಡಳಿಗೆ ದಂಡ ಹಾಕಿತು. 2017ರಲ್ಲಿ 'ಸತ್ಯದೇವ್ ಐಪಿಎಸ್' ಅನ್ನುವ ತಮಿಳಿನ ಡಬ್ಬಿಂಗ್ ಚಿತ್ರ ಪ್ರತಿಭಟನೆಗಳ ನಡುವೆ ತೆರೆಕಂಡಿತು. ಬೇಲಿ ಬಿತ್ತು.

ಈ ಮಧ್ಯೆ ಬೆಂಗಳೂರಿನಲ್ಲಿ ಇನ್ನೊಂದು ತಮಾಷೆ ನಡೆದಿತ್ತು. ಡ್ರೀಮ್‌ವರ್ಕ್ಸ್‌ಗೆಂದೇ ಮೀಸಲಾದ ತಂಡವೊಂದು ಟೆಕ್ನಿಕಲರ್ ಸಂಸ್ಥೆಯಲ್ಲಿತ್ತು. 2011ರ 'ಪುಸ್ ಇನ್ ಬೂಟ್ಸ್' ಚಿತ್ರದ ಒಂದು ದೊಡ್ಡ ಪಾಲು ಕೆಲಸ ಆದದ್ದು ಇಲ್ಲೇ. ಬೂಟು ಹಾಕಿದ ಆ ಬೆಕ್ಕು ಬೆಂಗಳೂರಿನ ನೀರು ಕುಡಿದು ಬೆಳೆದದ್ದು, ಆದರೂ ಬೆಂಗಳೂರಿನ ಥಿಯೇಟರಿನಲ್ಲಿ ಕನ್ನಡ ಮಾತಾಡುವ ಹಾಗಿರಲಿಲ್ಲ! ಕೈ ನಮ್ಮದು, ದನಿ ಮಾತ್ರ ನಮ್ಮದಲ್ಲ. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಬಾಗಿಲು ಹಾಕಿತು, ಸಾವಿರಾರು ಜನ ಕೆಲಸ ಕಳೆದುಕೊಂಡರು. ಬೇರೆಯವರ ಗೊಂಬೆಗೆ ಜೀವ ತುಂಬುವ ಕೂಲಿಯನ್ನೇ ನಂಬಿದರೆ ಏನಾಗುತ್ತೆ ಅನ್ನುವುದಕ್ಕೆ ನಮ್ಮ ಐಟಿಯವರಿಗೂ ಇದು ಪಾಠ.

ಅದೇ 2025ರ ಇನ್ನೆರಡು ದಿನಾಂಕ ನೋಡಿ. ಜನವರಿ 24ರಂದು, ಯೂಗೋ ಸಾಕೋ ಮತ್ತು ನಮ್ಮ ರಾಮ್ ಮೋಹನ್ ಸೇರಿ 1992ರಲ್ಲಿ ಮುಗಿಸಿದ್ದ ಭಾರತ-ಜಪಾನ್ ರಾಮಾಯಣ ಚಿತ್ರ ಹೊಸ ರೂಪದಲ್ಲಿ ಬಿಡುಗಡೆಯಾಯಿತು. ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಕಿಷ್ಕಿಂಧೆ ಹಂಪಿ-ಆನೆಗೊಂದಿಯ ಹತ್ತಿರ ಅಂತ ನಾವೆಲ್ಲ ಹೆಮ್ಮೆ ಪಡ್ತೀವಿ, ಆದರೆ ಕಿಷ್ಕಿಂಧೆಯ ಕಪಿಗಳಿಗೆ ಕನ್ನಡ ಬರಲಿಲ್ಲ. ಈಗ ಬೇಲಿ ಇರಲಿಲ್ಲ, ಕನ್ನಡಕ್ಕೆ ಮಾರುಕಟ್ಟೆ ಇದೆ ಅಂತ ಯಾರಿಗೂ ಅನ್ನಿಸಲಿಲ್ಲ ಅಷ್ಟೆ. ಜುಲೈ 25ಕ್ಕೆ 'ಮಹಾವತಾರ ನರಸಿಂಹ' ಬಂತು. ಅಶ್ವಿನ್ ಕುಮಾರ್ ನಿರ್ದೇಶನ, ಅರ್ಪಿಸಿದವರು ನಮ್ಮ ಹೊಂಬಾಳೆ. ಕನ್ನಡವೂ ಸೇರಿ ಐದು ಭಾಷೆ, ಗಳಿಕೆ 300 ಕೋಟಿಗೂ ಹೆಚ್ಚು. 1983ರ 'ಭಕ್ತ ಪ್ರಹ್ಲಾದ'ದಲ್ಲಿ ರಾಜ್‌ಕುಮಾರ್ ಹಿರಣ್ಯಕಶಿಪುವಾಗಿ ಗುಡುಗಿದ್ದನ್ನು, ಪುಟಾಣಿ ಪುನೀತ್ ಪ್ರಹ್ಲಾದನಾಗಿದ್ದನ್ನು ನೋಡಿದ ಜನ, ಅದೇ ಕಥೆಯನ್ನು ಗೊಂಬೆಗಳ ಬಾಯಲ್ಲಿ ಕನ್ನಡದಲ್ಲೇ ಕೇಳಿದರು. ಹಳೆಯದಕ್ಕೆ ಒಂದು ಕೂದಲೂ ಕೊಂಕಲಿಲ್ಲ.

ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವವರಿಗೆ ಗೊತ್ತು, ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯಬೇಕು. ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಅಂದಾಗ ಇಳಿಸಬೇಕು. ಇಳಿಸುವುದನ್ನೇ ಮರೆತರೆ ಕೊಬ್ಬರಿ ಹಾಳು. ಕನ್ನಡದ ಕಾರ್ಟೂನನ್ನು ನಾವು ಐವತ್ತು ವರ್ಷ ಅಟ್ಟದಲ್ಲಿಟ್ಟು ಮರೆತಿದ್ದೆವು. ಈಗ ಅಡ್ಡಿ ಮಾಡುವವರು ಯಾರೂ ಇಲ್ಲ. ಬೆಂಗಳೂರಿನ ಇನ್ಫೋಬೆಲ್ಸ್‌ನಂಥವರು ಯೂಟ್ಯೂಬಿನಲ್ಲಿ ಕನ್ನಡ ಶಿಶುಗೀತೆಗಳನ್ನು ಹಾಕುತ್ತಿದ್ದಾರೆ. ಆದರೂ ಮಗು ಅತ್ತ ತಕ್ಷಣ ಫೋನ್ ಕೈಗೆ ಕೊಟ್ಟು ಇಂಗ್ಲಿಷ್ ರೈಮ್ಸ್ ಒತ್ತುವವರು ನಾವೇ. ಮಕ್ಕಳಿಗೆ ಕನ್ನಡ ದನಿ ಇರುವುದನ್ನು ಹುಡುಕಿ ಹಾಕಿಕೊಡಿ, ಸಿಗದಿದ್ದರೆ ಸಿಗುತ್ತಿಲ್ಲ ಅಂತ ಚಾನೆಲ್ಲಿನವರಿಗೆ, ನಿರ್ಮಾಪಕರಿಗೆ ಬರೆಯಿರಿ. ಮಾರುಕಟ್ಟೆ ಇದೆ ಅಂತ ಅವರಿಗೆ ಗೊತ್ತಾಗಬೇಕಾದ್ದು ನಮ್ಮಿಂದಲೇ ತಾನೆ?

ಅಂದಹಾಗೆ, ನೀವು ಕನ್ನಡದಲ್ಲಿ ಮೊದಲು ಕೇಳಿದ ಕಾರ್ಟೂನ್ ಯಾವುದು? ನೆನಪಿದ್ದರೆ ಹೇಳಿ, ಒಂದು ಪಟ್ಟಿ ಮಾಡೋಣ :-)